ಪಿಯುಸಿ ಮಕ್ಕಳ ಮನಸ್ಸಿನ ಆರೋಗ್ಯ: ಬೋಧನಾಭ್ಯಾಸದಲ್ಲಿ ನಾವು ಮಾಡಬಹುದಾದದ್ದು

‘ನನ್ನ ಮನಸ್ಸು ಸರಿ ಇಲ್ಲ’ ಎಂದು ಯಾವ ವಿದ್ಯಾರ್ಥಿಯೂ ಬಂದು ಹೇಳುವುದಿಲ್ಲ. ನಮ್ಮ ಅಣ್ಣಿಗೇರಿ ಕಡೆ ಕೇಳಿಬರುವುದು ‘ತಲಿ ಭಾಳ ನೋಯಸ್ತೈತ್ರಿ’, ‘ಹೊಟ್ಟಿ ತೊಳಸಿದಂಗ ಆಗ್ತೈತ್ರಿ’, ‘ರಾತ್ರಿ ನಿದ್ದಿ ಬರಂಗಿಲ್ರಿ’ ಎಂಬ ಮಾತುಗಳು. ಇವನ್ನು ನೆಪ ಎಂದು ತಳ್ಳಿಹಾಕುವ ಶಿಕ್ಷಕರು ಬಹಳ. ಬೋಧನಾಭ್ಯಾಸಕ್ಕೆ ಪದವಿಪೂರ್ವ ಕಾಲೇಜಿಗೆ ಹೋಗಿದ್ದ ವಾರಗಳಲ್ಲಿ ಇವೇ ಮಾತುಗಳ ಹಿಂದೆ ಏನಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿದೆ.

ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ (2015–16) ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇರುತ್ತದೆ. ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು ಎಂದುಕೊಳ್ಳಿ. ನಮ್ಮ ಪಾಠಯೋಜನೆಯಲ್ಲಿ ಆ ನಾಲ್ವರಿಗೆ ಒಂದು ಕಾಲಂ ಕೂಡ ಇಲ್ಲ.

ಇಲ್ಲಿಯ ಒತ್ತಡಗಳಿಗೆ ಇಲ್ಲಿಯದೇ ಕಾರಣಗಳಿವೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದವರು ವಿಜ್ಞಾನ ತೆಗೆದುಕೊಂಡ ಮರುದಿನದಿಂದಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಕೇಳಬೇಕು. ಫೆಬ್ರುವರಿ ಹೊತ್ತಿಗೆ ಹೊಲದಲ್ಲಿ ಕಡಲಿ ರಾಶಿ, ಕಾಲೇಜಿನಲ್ಲಿ ಪರೀಕ್ಷೆಯ ತಯಾರಿ, ಎರಡೂ ಒಟ್ಟಿಗೇ ಬರುತ್ತವೆ. ಹುಡುಗಿಯರಿಗೆ ಇವೆರಡರ ಮೇಲೆ ಮದುವೆಯ ಮಾತು.

ನನ್ನ ಪಾಲಿಗೆ ಬಂದದ್ದು ಪ್ರಥಮ ಪಿಯುಸಿಯ ಅಂತಃಸ್ರಾವಕ ಗ್ರಂಥಿಗಳ ಪಾಠ. ವಿಜ್ಞಾನ ವಿಷಯದವರಿಗೆ ಇದೊಂದು ಅನುಕೂಲ. ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕುಳಿತ ಅಡ್ರಿನಲ್ ಗ್ರಂಥಿ ಹೆದರಿಕೆಯ ಹೊತ್ತಿನಲ್ಲಿ ಅಡ್ರಿನಲಿನ್ ಬಿಡುತ್ತದೆ. ಎದೆಬಡಿತ ಏರುತ್ತದೆ, ರಕ್ತ ಸ್ನಾಯುಗಳ ಕಡೆಗೆ ಹರಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ, ಬಾಯಿ ಒಣಗುತ್ತದೆ. ಒತ್ತಡ ದಿನಗಟ್ಟಲೆ ಮುಂದುವರಿದರೆ ಕಾರ್ಟಿಸಾಲ್ ಕೂಡ ಹೆಚ್ಚಿ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ‘ಪರೀಕ್ಷಾ ದಿನ ಹೊಟ್ಟಿ ತೊಳಸೂದು ಇದಕ್ಕ’ ಎಂದಾಗ ತರಗತಿ ನಕ್ಕಿತು. ಆದರೆ ಪಾಠ ಮುಗಿದ ಮೇಲೆ ಮೂವರು ಬಂದು ನಿದ್ದೆಯ ಬಗ್ಗೆಯೇ ಕೇಳಿದರು. ದೇಹದ ಮಾತಿನಿಂದ ಮನಸ್ಸಿನ ಮಾತಿಗೆ ಬರುವುದು ಮಕ್ಕಳಿಗೆ ಸುಲಭ.

ಪರೀಕ್ಷೆಯ ಮುಂಚಿನ ಹೆದರಿಕೆ ಕಾಯಿಲೆಯಲ್ಲ. ಗಮನಿಸಬೇಕಾದದ್ದು ಬದಲಾವಣೆಯನ್ನು, ಅದು ಎಷ್ಟು ದಿನ ನಿಂತಿದೆ ಎಂಬುದನ್ನು. ಎರಡು ವಾರಕ್ಕೂ ಮಿಕ್ಕಿ ಬೇಸರ, ಮೊದಲು ಇಷ್ಟವಿದ್ದದ್ದರಲ್ಲಿ ನಿರಾಸಕ್ತಿ, ಊಟ ನಿದ್ದೆಯಲ್ಲಿ ಏರುಪೇರು, ಗೆಳೆಯರಿಂದ ದೂರ ಕೂಡುವುದು ಕಂಡರೆ ಸುಮ್ಮನಿರಬಾರದು. ರೋಗಕ್ಕೆ ಹೆಸರಿಡುವ ಕೆಲಸ ಮಾತ್ರ ನಮ್ಮದಲ್ಲ.

ಪ್ರಯೋಗ ದಾಖಲೆ ಬರೆಯುವುದನ್ನೇ ಬಿಟ್ಟಿದ್ದ ಒಬ್ಬ ವಿದ್ಯಾರ್ಥಿನಿಯನ್ನು ‘ಯಾಕ ತಂಗಿ, ಎರಡು ವಾರದಿಂದ ಸುಮ್ಮನ ಇದ್ದಿ?’ ಎಂದು ಕೇಳಿದೆ. ‘ಏನಿಲ್ರಿ ಮೇಡಂ’ ಎಂದಳು. ಮೂರು ದಿನ ಬಿಟ್ಟು, ಬಸ್ ಸ್ಟ್ಯಾಂಡಿಗೆ ನಡೆಯುವಾಗ ತಾನಾಗಿಯೇ ಹೇಳಿದಳು: ‘ಎಸ್ಸೆಸ್ಸೆಲ್ಸಿಯೊಳಗ ನಮ್ಮ ಸಾಲಿಗೇ ಫಸ್ಟ್ ಬಂದಿದ್ನಿರಿ. ಇಲ್ಲಿ ಏನು ಹೇಳ್ತಾರಂತನ ತಿಳಿಯಂಗಿಲ್ರಿ. ಮನ್ಯಾಗ ಹೇಳಿದ್ರ ಕಾಲೇಜ ಬಿಡಸಿ ಮದುವಿ ಮಾಡ್ತಾರ್ರಿ.’ ಇಂಥಲ್ಲಿ ‘ಧೈರ್ಯ ತಗೋ’ ಎಂಬ ಉಪದೇಶ ಏನೂ ಮಾಡುವುದಿಲ್ಲ. ಅವಳ ಒಪ್ಪಿಗೆ ಕೇಳಿ ಮಾರ್ಗದರ್ಶಕ ಉಪನ್ಯಾಸಕರಿಗೆ ತಿಳಿಸಿದೆ. ಟಿಪ್ಪಣಿಯನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತರಲು ಅವರು ಅನುಮತಿ ಕೊಟ್ಟರು. ಎಲ್ಲ ಸರಿಹೋಯಿತು ಎನ್ನಲಾರೆ. ದಾಖಲೆ ಬರೆಯುವುದನ್ನು ಮತ್ತೆ ಶುರು ಮಾಡಿದಳು. ಫೇಲಾದರೆ ಎಲ್ಲ ಮುಗಿಯಿತು ಎಂದು ನಂಬಿದವರಿಗೆ, ದ್ವಿತೀಯ ಪಿಯುಸಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ ಎಂಬ ಮಾಹಿತಿಯೇ ಅರ್ಧ ಔಷಧಿ.

‘ನಾನು ಇರೂದ ಬ್ಯಾಡ’ ಎಂಬಂಥ ಮಾತು ಬಂದರೆ? ಹಲವರು ವಿಷಯ ಬದಲಿಸುತ್ತಾರೆ, ಕೇಳಿದರೆ ಆ ವಿಚಾರ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆಯಿಂದ. ಅದು ತಪ್ಪು ತಿಳುವಳಿಕೆ. ‘ಸಾಯಬೇಕು ಅನ್ನೂ ವಿಚಾರ ಬರ್ತೈತೇನು?’ ಎಂದು ಮೆಲ್ಲಗೆ, ನೇರವಾಗಿ ಕೇಳಬೇಕು. ಹೌದೆಂದರೆ ಒಂಟಿಯಾಗಿ ಬಿಡಬಾರದು. ಅಂದೇ ಪ್ರಾಚಾರ್ಯರಿಗೂ ಮನೆಯ ಹಿರಿಯರಿಗೂ ತಿಳಿಸಬೇಕು. ನಮ್ಮದು ಒಕ್ಕಲುತನದ ಸೀಮೆ. ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗದೊಳಗಿಡಲು ಮನೆಯವರಿಗೆ ಹೇಳುವುದನ್ನು ಮರೆಯಬಾರದು. ಪ್ರಯತ್ನಿಸಿ ಬದುಕಿದವರ ಮೇಲೆ ಪೊಲೀಸ್ ಕೇಸ್ ಆಗುತ್ತದೆಂದು ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಶಿಕ್ಷೆಯಿಂದ ದೂರವಿಡುತ್ತದೆ.

‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂಬ ಚೇಷ್ಟೆಯನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಸಂಸ್ಥೆ ಇಂದು ಡಿಮ್ಹಾನ್ಸ್. ಅಲ್ಲಿ ಹೊರರೋಗಿಯಾಗಿ ತೋರಿಸಿಕೊಂಡು ಅಂದೇ ಮನೆಗೆ ಬರಬಹುದು. ಇಂಥ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇದ್ದೂ ಈ ಚೇಷ್ಟೆಯ ಭಯಕ್ಕೆ ಮಕ್ಕಳು ಹಿಂಜರಿಯುತ್ತಾರೆ. ತರಗತಿಯಲ್ಲಿ ಆ ಮಾತು ಬಂದರೆ ಅಲ್ಲೇ ತಡೆಯುವುದು ನಮ್ಮ ಕೆಲಸ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ನಿಗದಿತ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರ ಎಂದು ಕೇಳಿಕೊಂಡು ಬಂದು ಸೂಚನಾ ಫಲಕಕ್ಕೆ ಅಂಟಿಸಬಹುದು. ದೂರ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

‘ಯಾರಿಗೂ ಹೇಳಂಗಿಲ್ಲ’ ಎಂದು ಭಾಷೆ ಕೊಡಬೇಡಿ. ಪಿಯುಸಿಯವರಲ್ಲಿ ಹೆಚ್ಚಿನವರು ಹದಿನೆಂಟರೊಳಗಿನವರು. ಜೀವಕ್ಕೆ ಅಪಾಯವಿದ್ದರೆ ಹೇಳಲೇಬೇಕಾಗುತ್ತದೆ, ಲೈಂಗಿಕ ದೌರ್ಜನ್ಯವಿದ್ದರೆ ಪೋಕ್ಸೊ ಕಾಯ್ದೆಯಂತೆ ವರದಿ ಕಡ್ಡಾಯ. ಇದನ್ನು ಮೊದಲೇ ತಿಳಿಸಿ ಮಾತಿಗೆ ಕೂಡುವುದು ಪ್ರಾಮಾಣಿಕ. ಉಳಿದದ್ದು ಮಾತ್ರ ನಮ್ಮಲ್ಲೇ ಉಳಿಯಬೇಕು. ಇಲ್ಲಿ ನನ್ನದೊಂದು ತಕರಾರಿದೆ. ಬಿ.ಇಡಿ.ಯಲ್ಲಿ ನಾವು ಬರೆಯುವ ವ್ಯಕ್ತಿ ಅಧ್ಯಯನದ ದಾಖಲೆಗಳಲ್ಲಿ ಮಗುವಿನ ಹೆಸರು, ಊರು, ತಂದೆಯ ಕುಡಿತ ಎಲ್ಲವೂ ಅಚ್ಚುಕಟ್ಟಾಗಿ ಇರುತ್ತವೆ. ಆ ಪುಸ್ತಕ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗುತ್ತದೆ, ಮುಂದಿನ ವರ್ಷದವರು ನಕಲು ಮಾಡಿಕೊಳ್ಳುತ್ತಾರೆ. ಅಣ್ಣಿಗೇರಿಯಂಥ ಊರಲ್ಲಿ ತಂದೆಯ ಕಸುಬು, ಓಣಿ ಹೇಳಿದರೆ ಸಾಕು, ಹುಡುಗಿ ಯಾರೆಂದು ತಿಳಿಯುತ್ತದೆ. ಈ ದಾಖಲೆಗಳಲ್ಲಿ ಹೆಸರಿನ ಬದಲು ಒಂದು ಅಂಕಿ ಸಾಕು. ಮೌಲ್ಯಮಾಪನ ಮುಗಿದ ಮೇಲೆ ಪುಸ್ತಕ ವಿಭಾಗದ ಕಪಾಟಿನಲ್ಲಿ ಬೀಗದೊಳಗಿರಲಿ ಎಂದು ನಮ್ಮ ಉಪನ್ಯಾಸಕರಲ್ಲಿ ಕೇಳಿಕೊಳ್ಳುತ್ತೇನೆ.