ಕಾಲಕ್ಕೊಂದು ಹೂ, ಡಬ್ಬಕ್ಕೊಂದು ಬಣ್ಣ

 

ನಮ್ಮ ಶಾಲೆಯ ಮುಂದಿನ ಕಟ್ಟೆಯನ್ನು ನೀವು ದಿನಾ ನೋಡುತ್ತೀರಿ. ಮಳೆಗಾಲದಲ್ಲಿ ಅಲ್ಲಿ ನಾಲ್ಕು ಹೂ ಇರುತ್ತೆ. ಮಾರ್ಚ್ ಬಂತೆಂದರೆ ಕುಂಡದಲ್ಲಿ ಒಣಗಿದ ಕಡ್ಡಿ ಮಾತ್ರ. ಆಗ ಎಲ್ಲರೂ ಹೇಳುವುದು ಒಂದೇ ಮಾತು: "ಕುಡಿಯೋಕೇ ನೀರಿಲ್ಲ, ಹೂ ಎಲ್ಲಿಂದ ಬರಬೇಕು?" ನೀರು ಕಡಿಮೆ ಎಂಬುದು ನಿಜ. ಆದರೆ ಎಲ್ಲಾ ಗಿಡಕ್ಕೂ ಒಂದೇ ಕಾಲವಲ್ಲ, ಒಂದೇ ಅಳತೆಯ ನೀರೂ ಅಲ್ಲ. ರೈತರು ಮುಂಗಾರಿಗೆ ಒಂದು, ಹಿಂಗಾರಿಗೆ ಒಂದು ಬೆಳೆ ಇಡುತ್ತಾರಲ್ಲ, ಹಾಗೇ ನಾವೂ ಕಾಲ ನೋಡಿ ಗಿಡ ಇಟ್ಟರೆ ವರ್ಷವಿಡೀ ಕಟ್ಟೆಯ ಮೇಲೆ ಬಣ್ಣ ಇರುತ್ತೆ. ಅದು ಹೇಗೆಂದು ನನಗೆ ತಿಳಿದಷ್ಟು ಬರೆದಿದ್ದೇನೆ.

ಕುಂಡ: ದುಡ್ಡು ಕೊಟ್ಟು ತರಬೇಕಾಗಿಲ್ಲ. ಎಣ್ಣೆ ಡಬ್ಬ, ಪೇಂಟಿನ ಡಬ್ಬ, ಒಡೆದ ಬಕೆಟ್, ಬಾಯಿ ಮುರಿದ ಮಡಕೆ ಎಲ್ಲಾ ಆಗುತ್ತೆ. ಮಡಕೆಯ ಮೈಯಿಂದ ನೀರು ಜಿನುಗಿ ಆರುವುದರಿಂದ ಬೇರು ತಂಪಾಗಿರುತ್ತೆ, ಆದರೆ ಮಣ್ಣು ಬೇಗ ಒಣಗುತ್ತೆ. ಡಬ್ಬದಲ್ಲಿ ನೀರು ಹೆಚ್ಚು ಹೊತ್ತು ನಿಲ್ಲುತ್ತೆ. ಅದಕ್ಕೇ ಡಬ್ಬದ ತಳಕ್ಕೆ ೪-೫ ತೂತು ಹೊಡೆಯಲೇಬೇಕು, ಇಲ್ದಿದ್ರೆ ಬೇರು ಕೊಳೆಯುತ್ತೆ. ತೂತಿನ ಮೇಲೆ ಹೆಂಚಿನ ಚೂರು ಇಟ್ಟು, ೨ ಪಾಲು ಕೆಮ್ಮಣ್ಣು, ೧ ಪಾಲು ಮರಳು, ೧ ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಹಸಿ ಸಗಣಿ ಹಾಕಬಾರದು.

ಬಣ್ಣ: ಹಬ್ಬಕ್ಕೆ ಮನೆ ಗೋಡೆಗೆ ಬಳಿಯುವ ಸುಣ್ಣ ಮತ್ತು ಜಾಜು ಸಾಕು. ಪಟ್ಟೆ ಪಟ್ಟೆಯಾಗಿ ಬಳಿದರೆ ಅಂದವಾಗಿ ಕಾಣುತ್ತೆ. ಬೇಸಿಗೆಯಲ್ಲಿ ಮಾತ್ರ ಪೂರ್ತಿ ಸುಣ್ಣ ಬಳಿಯುವುದು ಒಳ್ಳೆಯದು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುತ್ತೆ, ಕಪ್ಪು ಬಣ್ಣ ಹೀರಿಕೊಳ್ಳುತ್ತೆ. ಇದನ್ನು ನಾವು ವಿಜ್ಞಾನದಲ್ಲಿ ಓದಿದ್ದೇವೆ.

ಮಳೆಗಾಲ: ಜೂನ್‌ನಲ್ಲಿ ಕರ್ಣಕುಂಡಲ ಮತ್ತು ಜೀನಿಯಾ ಬೀಜ ಹಾಕಿದರೆ ಗೌರಿ ಹಬ್ಬದ ಹೊತ್ತಿಗೆ ಕೆಂಪು, ಗುಲಾಬಿ, ಬಿಳಿ ಹೂ ತುಂಬಿರುತ್ತೆ. ಕರ್ಣಕುಂಡಲದ ಬಲಿತ ಕಾಯಿಯನ್ನು ಮುಟ್ಟಿದರೆ ಪಟ್ಟನೆ ಸಿಡಿಯುತ್ತೆ, ಬೀಜ ಚೆಲ್ಲಾಪಿಲ್ಲಿ ಆಗುತ್ತೆ. ಸಿಡಿಯುವ ಮೊದಲೇ ಕಿತ್ತು ಒಣಗಿಸಿ ಇಡಬೇಕು. ಈ ಕಾಲದಲ್ಲಿ ಇನ್ನೊಂದು ಎಚ್ಚರ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತೆ. ವಾರಕ್ಕೊಮ್ಮೆಯಾದರೂ ಆ ನೀರು ಚೆಲ್ಲಿ ತಟ್ಟೆಯನ್ನು ಉಜ್ಜಿ ತೊಳೆಯಬೇಕು.

ಚಳಿಗಾಲ: ಆಗಸ್ಟ್‌ನಲ್ಲಿ ಚೆಂಡು ಹೂವಿನ ಬೀಜ ಹಾಕಿದರೆ ದೀಪಾವಳಿಗೆ ಹೂ. ನವೆಂಬರ್ ಮೊದಲ ವಾರ ಇನ್ನೊಂದು ಸಲ ಹಾಕಿದರೆ ಜನವರಿ ೨೬ಕ್ಕೆ ಧ್ವಜದ ಕಟ್ಟೆಗೆ ನಮ್ಮದೇ ಹೂ. ಸೇವಂತಿಗೆ ಬೇರೆ ಥರ. ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ ಅದು ಮೊಗ್ಗು ಕಟ್ಟುತ್ತೆ. ಆದ್ದರಿಂದ ಇಡೀ ರಾತ್ರಿ ಉರಿಯುವ ಬೀದಿ ದೀಪದ ಕೆಳಗೆ ಸೇವಂತಿಗೆ ಕುಂಡ ಇಡಬಾರದು.

ಬೇಸಿಗೆ: ಎಲ್ಲರೂ ಕೈ ಬಿಡುವುದು ಈಗಲೇ. ಆದರೆ ಬಿಸಿಲನ್ನೇ ಬಯಸುವ ಗಿಡಗಳಿವೆ. ಒಂದು, ಟೇಬಲ್ ರೋಸ್. ಅದರ ಎಲೆ ಕಾಂಡದಲ್ಲೇ ನೀರು ತುಂಬಿಕೊಂಡಿರುತ್ತೆ. ಬಿಸಿಲು ಏರಿದಾಗ ಹೂ ಅರಳುತ್ತೆ, ಒಂದು ತುಂಡು ಮುರಿದು ನೆಟ್ಟರೂ ಬದುಕುತ್ತೆ. ಎರಡು, ಕಾಶಿ ಕಣಗಿಲೆ. ಇದು ಮಡಗಾಸ್ಕರ್ ದ್ವೀಪದಿಂದ ಬಂದ ಗಿಡ. ಇದರಿಂದ ರಕ್ತದ ಕ್ಯಾನ್ಸರಿಗೆ ಔಷಧಿ ತಯಾರಿಸುತ್ತಾರೆ. ಹಾಗಂತ ಎಲೆ ತಿನ್ನಬಾರದು, ಅದು ವಿಷ. ಕಹಿಯಾದ್ದರಿಂದ ದನ ಕುರಿ ಸಾಮಾನ್ಯವಾಗಿ ಬಾಯಿ ಹಾಕಲ್ಲ, ಕಾಂಪೌಂಡ್ ಇಲ್ಲದ ಕಡೆ ಅದೇ ಅನುಕೂಲ. ಮೂರು, ಕಾಗದದ ಹೂ. ಅದರಲ್ಲಿ ಬಣ್ಣ ಇರುವುದು ಎಲೆಗೆ, ನಿಜವಾದ ಹೂ ನಡುವಿನ ಚಿಕ್ಕ ಬಿಳಿಯದು. ನೀರು ಸ್ವಲ್ಪ ಕಡಿಮೆಯಾದರೇನೇ ಇದು ಹೆಚ್ಚು ಹೂ ಬಿಡುತ್ತೆ.

ಇನ್ನು ನೀರಿನ ಮಾತು. ನಲ್ಲಿಯಿಂದ ಬೇರೆ ಹಿಡಿಯುವುದು ಬೇಡ. ಬಿಸಿಯೂಟದ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು, ನಮ್ಮ ಬಾಟಲಿಯಲ್ಲಿ ಉಳಿದ ನೀರು ಒಂದು ಬಕೆಟ್ಟಿಗೆ ಬಿದ್ದರೆ ಸಾಕು. ಸೋಪು, ಉಪ್ಪು ಇರುವ ನೀರು ಹಾಕಬಾರದು. ಸಂಜೆ ಹೊತ್ತು ಬುಡಕ್ಕೆ ಹಾಕಿ, ಮೇಲೆ ಒಣ ಎಲೆ ಅಥವಾ ಕಡಲೆಕಾಯಿ ಸಿಪ್ಪೆ ಹೊದಿಸಿದರೆ ತೇವ ಉಳಿಯುತ್ತೆ.

ಕಷ್ಟ ಇರುವುದು ಏಪ್ರಿಲ್, ಮೇ ರಜೆಯಲ್ಲಿ. ಆಗ ಶಾಲೆಗೆ ಬೀಗ. ನೀರು ಹಾಕುವವರು ಯಾರು? ಗಿಡ ಸಾಯುವುದು ಹೆಚ್ಚಾಗಿ ಇದರಿಂದಲೇ. ನನ್ನ ಸಲಹೆ ಇಷ್ಟು: ಗುರುಗಳು ಅಪ್ಪಣೆ ಕೊಟ್ಟರೆ, ರಜೆಗೆ ಮುಂಚೆ ಒಬ್ಬೊಬ್ಬರು ಒಂದೊಂದು ಕುಂಡ ಮನೆಗೆ ಒಯ್ಯೋಣ, ಜೂನ್‌ನಲ್ಲಿ ತಿರುಗಿ ತರೋಣ. ಎತ್ತಲಾಗದ ದೊಡ್ಡ ಕುಂಡಗಳನ್ನು ಬೇವಿನ ಮರದ ನೆರಳಿಗೆ ಒತ್ತೊತ್ತಾಗಿ ಜೋಡಿಸಿದರೆ, ಶಾಲೆಯ ಹತ್ತಿರದ ಮನೆಯವರು ಮೂರು ದಿನಕ್ಕೊಮ್ಮೆ ನೀರು ಹಾಕಿದರೂ ನಡೆಯುತ್ತೆ. ಯಾರು ಯಾವ ಕುಂಡ ಒಯ್ದರೆಂದು ಒಂದು ಪಟ್ಟಿ ಇಟ್ಟರೆ ಗೊಂದಲ ಆಗಲ್ಲ.

ಪಟ್ಟಿಗೆ ಈ ಲೇಖನದ ಕೆಳಗೇ ಖಾಲಿ ಹಾಳೆ ಅಂಟಿಸಿದ್ದೇನೆ. ಒಯ್ಯುವವರು ಹೆಸರು ಬರೆಯಿರಿ. ಮೊದಲನೇ ಹೆಸರು ನನ್ನದೇ, ಕುಂಡ ಕಾಗದದ ಹೂವಿನದು.

– ೮ನೇ ತರಗತಿಯ ವಿದ್ಯಾರ್ಥಿನಿ