ಬೆನ್ನ ಮೇಲಿನ ಅಡುಗೆಮನೆ

ಕ್ಯಾಂಪಿಂಗಿಗೆ ಪಾತ್ರೆ ಕೊಳ್ಳುವವರು ಅಂಗಡಿಗೆ ಹೋಗುವ ಮುಂಚೆ, ಕ್ಯಾಂಪಿನಲ್ಲಿ ಏನು ತಿನ್ನುತ್ತೇವೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದಿಟ್ಟ ಉಪ್ಪಿಟ್ಟಿನ ರವೆ, ಗೊಜ್ಜವಲಕ್ಕಿ, ಸೂಪು, ಟೀ ಇಷ್ಟೇ ಆದರೆ ನೀರು ಕಾಯಿಸಲು ಒಂದು ಪಾತ್ರೆ ಸಾಕು. ಅನ್ನ, ಬೇಳೆಸಾರು ಇಲ್ಲದಿದ್ದರೆ ಅದು ಊಟವೇ ಅಲ್ಲ ಎನ್ನುವವರಿಗೆ ಒಲೆಯೂ ಬೇರೆ, ಪಾತ್ರೆಯೂ ಬೇರೆ, ಗ್ಯಾಸೂ ಹೆಚ್ಚು. ಈ ಒಂದು ಪ್ರಶ್ನೆ ಇತ್ಯರ್ಥವಾಗದೆ ಹನ್ನೆರಡು ಸಾಮಾನಿನ ಸೆಟ್ ಕೊಂಡರೆ, ಅದರಲ್ಲಿನ ಪುಟ್ಟ ಬಾಣಲೆ ಮೂಲೆ ಸೇರುವುದು ಖಂಡಿತ.

ಕಾರಿನ ಡಿಕ್ಕಿಯಲ್ಲಿ ಸಾಮಾನು ಸಾಗಿಸಿ ಕೊಡಗಿನ ಯಾವುದೋ ತೋಟದಲ್ಲಿ ಟೆಂಟ್ ಹಾಕುವವರು ಹೊಸದೇನೂ ಕೊಳ್ಳಬೇಕಿಲ್ಲ. ಐದು ಕೆ.ಜಿ.ಯ ಸಣ್ಣ ಸಿಲಿಂಡರ್, ಮನೆಯದೇ ಕುಕ್ಕರ್, ಸ್ಟೀಲ್ ತಟ್ಟೆ ಸಾಕು. ಸಿಲಿಂಡರನ್ನು ಮಲಗಿಸಬಾರದು, ಅಷ್ಟೇ. ಕಟ್ಟಿಗೆ ಆಯ್ದು ಮೂರು ಕಲ್ಲಿನ ಒಲೆ ಹೂಡುವ ಆಸೆಯನ್ನಂತೂ ಕಾಡಿನಲ್ಲಿ ಬಿಟ್ಟುಬಿಡಿ. ಸಂರಕ್ಷಿತ ಅರಣ್ಯದಲ್ಲಿ ಬೆಂಕಿ ಹಚ್ಚುವಂತಿಲ್ಲ, ನಮ್ಮ ಘಟ್ಟದ ಹೆಚ್ಚಿನ ಚಾರಣದ ಹಾದಿಗಳಲ್ಲಿ ರಾತ್ರಿ ತಂಗಲೂ ಬಿಡುವುದಿಲ್ಲ. ಹೀಗಾಗಿ ಸಾಮಾನು ಹೊತ್ತು ನಡೆದು ಬಯಲಲ್ಲಿ ಬೇಯಿಸುವ ನಮ್ಮವರಲ್ಲಿ ಬಹಳ ಮಂದಿಗೆ ಆ ಅವಕಾಶ ಸಿಗುವುದು ಹಿಮಾಲಯದಲ್ಲೇ.

ಹೊತ್ತು ನಡೆಯುವವರಿಗೆ ಗ್ಯಾಸ್ ಡಬ್ಬಿಯ ತಲೆಗೆ ತಿರುಗಿಸಿ ಕೂರಿಸುವ, ಮುಷ್ಟಿಯಷ್ಟು ದೊಡ್ಡ ಬರ್ನರ್ ಇದೆ. ತೂಕ 100 ಗ್ರಾಂ ಆಸುಪಾಸು. ಕೊಳ್ಳುವಾಗ ಬರ್ನರಿಗಿಂತ ಡಬ್ಬಿಯ ಮೇಲಿನ ಅಕ್ಷರಗಳನ್ನು ಗಮನವಿಟ್ಟು ಓದಿ. ಒಳಗೆ ಬರೀ ಬ್ಯೂಟೇನ್ ಇದ್ದರೆ ಅದು ಕುದಿದು ಅನಿಲವಾಗುವುದು -0.5 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದರೆ ಡಬ್ಬಿ ತುಂಬ ಗ್ಯಾಸ್ ಇದ್ದರೂ ಒಲೆ ಉರಿಯದು. ಉರಿಯುವಾಗ ಡಬ್ಬಿ ತಾನೇ ತಣ್ಣಗಾಗುತ್ತಾ ಹೋಗುವುದರಿಂದ, ಐದಾರು ಡಿಗ್ರಿಯ ಬೆಳಗಿನಲ್ಲೇ ಜ್ವಾಲೆ ಸೊರಗತೊಡಗುತ್ತದೆ. ಐಸೊಬ್ಯೂಟೇನ್ ಸುಮಾರು -12ರವರೆಗೆ, ಪ್ರೊಪೇನ್ -42ರವರೆಗೆ ಅನಿಲವಾಗಬಲ್ಲವು. ಚಳಿಯ ಜಾಗಕ್ಕೆ ಇವೆರಡೂ ಸೇರಿದ ಮಿಶ್ರಣ ಕೇಳಿ ಪಡೆಯಿರಿ. ಡಬ್ಬಿಯನ್ನು ರೈಲಿನಲ್ಲೂ ಒಯ್ಯುವಂತಿಲ್ಲ, ವಿಮಾನದಲ್ಲೂ ಒಯ್ಯುವಂತಿಲ್ಲ. ಲೇಹ್‌ಗೋ ಮನಾಲಿಗೋ ಹೋದ ಮೇಲೆ ಅಲ್ಲೇ ಕೊಳ್ಳಬೇಕು.

ಎಷ್ಟು ಗ್ಯಾಸ್ ಬೇಕು? ಗಾಳಿಗೆ ಮರೆ ಇದ್ದು, ಪಾತ್ರೆಗೆ ಮುಚ್ಚಳ ಇದ್ದರೆ ಒಂದು ಲೀಟರ್ ನೀರು ಕುದಿಸಲು 12ರಿಂದ 15 ಗ್ರಾಂ ಹಿಡಿಯಿರಿ. ಬರೀ ನೀರು ಕಾಯಿಸುವ ಊಟವಾದರೆ ಇಬ್ಬರ ಎರಡು ರಾತ್ರಿಗೆ 230 ಗ್ರಾಂನ ಒಂದು ಡಬ್ಬಿ ಧಾರಾಳ. ಅಕ್ಕಿ, ಬೇಳೆ ಬೇಯಿಸುತ್ತೀರಾದರೆ ಈ ಲೆಕ್ಕ ನಿಲ್ಲದು. ಗಾಳಿಗೆ ಮರೆ ಇಲ್ಲದಿದ್ದರಂತೂ ಗ್ಯಾಸು ಖಾಲಿಯಾಗುತ್ತದೆ, ನೀರು ಕುದಿಯುವುದಿಲ್ಲ. ಮರೆಗೆ ಬ್ಯಾಗು, ಕಲ್ಲು ಏನಾದರೂ ಆದೀತು. ಆದರೆ ಡಬ್ಬಿಯ ಸುತ್ತ ಪೂರ್ತಿ ಮುಚ್ಚಬೇಡಿ. ಆಗಾಗ ಡಬ್ಬಿ ಮುಟ್ಟಿ ನೋಡಿ, ಬಿಸಿ ಹತ್ತಿದ್ದರೆ ಮರೆ ತೆಗೆಯಿರಿ. ಮಳೆ ಬಂತೆಂದು ಒಲೆಯನ್ನು ಟೆಂಟಿನೊಳಗೆ ತರುವುದು ಮಾತ್ರ ಪ್ರಾಣಕ್ಕೇ ಸಂಚಕಾರ. ಬಟ್ಟೆಗೆ ಬೆಂಕಿ ಹತ್ತುವ ಭಯ ಒಂದಾದರೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು.

ಎತ್ತರ ಹೆಚ್ಚಿದಂತೆ ಬೇಳೆಯ ಗತಿ ಬಿಗಡಾಯಿಸುತ್ತದೆ. ಸುಮಾರು 300 ಮೀಟರ್ ಏರಿದರೆ ನೀರು ಒಂದು ಡಿಗ್ರಿ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಕುದುರೆಮುಖದ 1,900 ಮೀಟರಿನಲ್ಲಿ ಅದು 94 ಡಿಗ್ರಿ, ಏನೂ ತೊಂದರೆಯಿಲ್ಲ. 4,000 ಮೀಟರಿನಲ್ಲಿ 87 ಡಿಗ್ರಿ. ಅಲ್ಲಿ ತೊಗರಿಬೇಳೆ ಕುದಿಯುತ್ತಲೇ ಇರುತ್ತದೆ, ಬೇಯುವುದೇ ಇಲ್ಲ. ಅದೇ ಎತ್ತರದಲ್ಲೂ ಕುಕ್ಕರಿನೊಳಗೆ 110 ಡಿಗ್ರಿ ದಾಟುತ್ತದೆ. ಆರೆಂಟು ಜನರ ಗುಂಪಿಗೆ ಅಲ್ಯೂಮಿನಿಯಂ ಕುಕ್ಕರಿನ ಭಾರ ಹೊರುವುದು ಲಾಭವೇ. ಇಬ್ಬರಿಗಾದರೆ ಬೇಳೆಯನ್ನೇ ಬಿಟ್ಟು ಸಾರಿನಪುಡಿ, ಚಟ್ನಿಪುಡಿ ಹಿಡಿದು ಹೋಗಿ.

ಇನ್ನು ಲೋಹ. ಟೈಟಾನಿಯಂ ಹಗುರ, ದುಬಾರಿ, ನೀರು ಕಾಯಿಸಲು ಚೆಂದ. ಅದರಲ್ಲಿ ಅನ್ನಕ್ಕಿಟ್ಟು ನೋಡಿ: ಶಾಖ ಅಂಚಿಗೆ ಹರಡದೆ, ಜ್ವಾಲೆ ತಾಗುವಷ್ಟೇ ಅಗಲಕ್ಕೆ ತಳ ಸೀದು ಕಂದು ಬಿಲ್ಲೆ ಮೂಡುತ್ತದೆ, ಸುತ್ತಲಿನ ಅಗುಳು ಇನ್ನೂ ಗಟ್ಟಿ. ತೆಳು ಸ್ಟೀಲಿನದೂ ಇದೇ ಕಥೆ, ಮೇಲೆ ಭಾರ ಬೇರೆ. ಶಾಖ ಹರಡುವುದರಲ್ಲಿ ಅಲ್ಯೂಮಿನಿಯಂ ಇವೆರಡಕ್ಕಿಂತ ಹತ್ತು ಪಟ್ಟಿಗೂ ಮುಂದೆ. ಬೇಯಿಸಿ ತಿನ್ನುವವರು ಅದನ್ನೇ ಆರಿಸಿ. ಆದರೆ ಬರೀ ಅಲ್ಯೂಮಿನಿಯಂಗೆ ಹುಣಸೆಹುಳಿ, ಟೊಮೆಟೊ ಹಿಡಿಸದು. ನಮ್ಮ ಸಾರು, ಗೊಜ್ಜಿಗೆ ಹಾರ್ಡ್ ಅನೋಡೈಸ್ಡ್ ಆದ ಬೂದು ಬಣ್ಣದ ಪಾತ್ರೆ ಸರಿ. ಎತ್ತರಕ್ಕಿಂತ ಅಗಲ ಹೆಚ್ಚಿರಲಿ, ಮುಚ್ಚಳ ಬಿಗಿಯಾಗಿರಲಿ. ಅಳತೆ ತಲೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಡಬ್ಬಿಯ ತಲೆಯ ಮೇಲೆ ಕೂರುವ ಬರ್ನರಿಗೆ ಎರಡು ಲೀಟರಿಗಿಂತ ದೊಡ್ಡ ಪಾತ್ರೆ ಇಟ್ಟರೆ ಉರುಳುತ್ತದೆ. ನಾಲ್ವರಿಗೆ ಬೇಯಿಸುವವರು ಕೊಳವೆ ಜೋಡಿಸಿದ, ನೆಲದ ಮೇಲೆ ಕೂರುವ ಬರ್ನರ್ ನೋಡಲಿ. ಹಿಡಿ ಇರುವ ದುಬಾರಿ ಪಾತ್ರೆಯೇ ಆಗಬೇಕೆಂದಿಲ್ಲ, ತಪ್ಪಲೆಗೆ ಮನೆಯ ಇಕ್ಕಳ ಸಾಕು.

ತಟ್ಟೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಚಳಿಗಾಳಿಯಲ್ಲಿ ಹರವಿದ ಅನ್ನ ಎರಡನೇ ತುತ್ತಿಗೇ ತಣ್ಣಗಾಗಿರುತ್ತದೆ. ಆಳವಾದ ಬಟ್ಟಲು ಅಥವಾ ಮುಚ್ಚಳವಿರುವ ಊಟದ ಡಬ್ಬಿ ಒಂದಿದ್ದರೆ ಉಣ್ಣಲೂ ಆಯಿತು, ಉಳಿದದ್ದನ್ನು ಮುಚ್ಚಿಡಲೂ ಆಯಿತು. ತೆಳು ಲೋಹದ ಲೋಟದಲ್ಲಿ ಟೀ ತುಟಿ ಸುಡುತ್ತದೆ. ಎರಡು ಪದರದ ಲೋಟ ಒಳ್ಳೆಯದು, ಅದನ್ನು ಒಲೆಯ ಮೇಲೆ ಮಾತ್ರ ಇಡಬಾರದು. ಅಡಕೆ ಹಾಳೆಯ ತಟ್ಟೆ ಹಗುರ, ತೊಳೆಯುವ ಕೆಲಸವೂ ಇಲ್ಲ. ಮಣ್ಣಿನಲ್ಲಿ ಕರಗುವುದೇ ಆದರೂ ಅಲ್ಲೇ ಎಸೆದು ಬರುವಂತಿಲ್ಲ. ತಲೆಗೊಂದು ಉದ್ದ ಹಿಡಿಯ ಚಮಚ, ಗುಂಪಿಗೊಂದು ಚಾಕು, ಸೌಟು. ಎತ್ತರದಲ್ಲಿ ಬರ್ನರಿನ ಕಿಡಿಗುಂಡಿ ಕೈಕೊಡುವುದುಂಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬೆಂಕಿಪೆಟ್ಟಿಗೆಯೂ ಇರಲಿ.

ಪಾತ್ರೆ ತೊಳೆಯುವುದು ಹಳ್ಳದಿಂದ 200 ಅಡಿ ದೂರದಲ್ಲಿ. ಜಿಡ್ಡನ್ನು ಮೊದಲು ಕಾಗದದಲ್ಲಿ ಒರೆಸಿ ಕಸದ ಚೀಲಕ್ಕೆ ಹಾಕಿ, ಆಮೇಲೆ ಸ್ವಲ್ಪ ಬಿಸಿನೀರು.

ಹೊರಡುವ ಹಿಂದಿನ ವಾರ ಎಲ್ಲವನ್ನೂ ತಾರಸಿಗೆ ಒಯ್ದು ಒಂದು ಊಟ ಮಾಡಿ ನೋಡಿ. ಹೊಸ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಅಡುಗೆ ಮುಗಿದ ಮೇಲೆ ಮತ್ತೆ ತೂಗಿ. ಕಡಿಮೆಯಾದ ಗ್ರಾಂಗಳನ್ನು ಊಟಗಳ ಸಂಖ್ಯೆಯಿಂದ ಗುಣಿಸಿ, ಚಳಿ ಗಾಳಿಗೆಂದು ಮೂರನೇ ಒಂದು ಪಾಲು ಕೂಡಿಸಿದರೆ ಎಷ್ಟು ಡಬ್ಬಿ ಕೊಳ್ಳಬೇಕೆಂದು ಗೊತ್ತಾಗುತ್ತದೆ.