ಕಬ್ಬಿಣದ ಮುಖದ ಹಿಂದಿನ ದನಿ

1997ರ ಸುಮಾರು. ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್‌ನಲ್ಲಿ ‘ನುಯೋರಿಕನ್ ಪೊಯೆಟ್ಸ್ ಕೆಫೆ’ ಎಂಬ ಪುಟ್ಟ ಜಾಗ. ಯಾರು ಬೇಕಾದರೂ ವೇದಿಕೆ ಹತ್ತಿ ಕವಿತೆ ಓದಬಹುದು, ಹಾಡಬಹುದು. ಅಲ್ಲಿಗೆ ಒಬ್ಬ ರ‍್ಯಾಪರ್ ಬರತೊಡಗಿದ. ತಲೆಯಿಂದ ಗಲ್ಲದವರೆಗೆ ಹೆಂಗಸರ ಕಾಲುಚೀಲ ಎಳೆದುಕೊಂಡು, ಮುಖ ಕಾಣದಂತೆ ಮಾಡಿಕೊಂಡು ಮೈಕ್ ಹಿಡಿಯುತ್ತಿದ್ದ. ಆ ಮುಖ ಕೆಲವೇ ವರ್ಷಗಳ ಹಿಂದೆ ಟಿವಿಯ ಸಂಗೀತ ವಾಹಿನಿಗಳಲ್ಲಿ ಕಾಣಿಸಿಕೊಂಡ ಮುಖವೇ ಆಗಿತ್ತು. ಎರಡು ವರ್ಷ ಕಳೆದು 1999ರಲ್ಲಿ ಅದೇ ಮನುಷ್ಯ ‘ಎಂಎಫ್ ಡೂಮ್’ ಎಂಬ ಹೆಸರಿನಲ್ಲಿ ತನ್ನ ಮೊದಲ ಒಂಟಿ ಆಲ್ಬಮ್ ತಂದ. ಅದರ ಹೆಸರು ‘ಆಪರೇಷನ್: ಡೂಮ್ಸ್‌ಡೇ’. ಅಂಡರ್‌ಗ್ರೌಂಡ್ ಹಿಪ್‌ಹಾಪ್ ಎಂದರೇನೆಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗುವುದು ಕಷ್ಟ.

ಅಣ್ಣ ಮತ್ತು ತಮ್ಮ

ಆತನ ನಿಜವಾದ ಹೆಸರು ಡೇನಿಯಲ್ ಡೂಮಿಲೆ. ಹುಟ್ಟಿದ್ದು 1971ರಲ್ಲಿ, ಲಂಡನ್ನಿನಲ್ಲಿ. ತಾಯಿ ಟ್ರಿನಿಡಾಡ್ ಮೂಲದವರು, ತಂದೆ ಜಿಂಬಾಬ್ವೆಯವರು. ಎಳವೆಯಲ್ಲೇ ಕುಟುಂಬ ಅಮೆರಿಕಕ್ಕೆ ಬಂದು ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ನೆಲೆಸಿತು. ತಮ್ಮ ಡಿಂಗಿಲಿಜ್ವೆಗೂ ಅಣ್ಣನಿಗೂ ಸಂಗೀತದ ಹುಚ್ಚು ಒಂದೇ. ಅಣ್ಣ ‘ಝೆವ್ ಲವ್ ಎಕ್ಸ್’ ಆದ, ತಮ್ಮ ‘ಡಿಜೆ ಸಬ್‌ರಾಕ್’ ಆದ. ಇನ್ನೊಬ್ಬ ಗೆಳೆಯನ ಜೊತೆ ಸೇರಿ ‘ಕೆಎಂಡಿ’ ಎಂಬ ತಂಡ ಕಟ್ಟಿದರು. ಎಲೆಕ್ಟ್ರಾ ಎಂಬ ದೊಡ್ಡ ರೆಕಾರ್ಡ್ ಕಂಪನಿ ಅವರನ್ನು ಕರೆದುಕೊಂಡಿತು. 1991ರಲ್ಲಿ ಬಂದ ‘ಮಿಸ್ಟರ್ ಹುಡ್’ ಲವಲವಿಕೆಯ, ತುಂಟ ಆಲ್ಬಮ್.

ಎರಡನೆಯದು ಹಾಗಿರಲಿಲ್ಲ. ‘ಬ್ಲ್ಯಾಕ್ ಬಾಸ್ಟರ್ಡ್ಸ್’ ಎಂಬ ಆ ಆಲ್ಬಮ್ ಕಹಿಯಾಗಿತ್ತು, ಕೋಪದಿಂದ ಕೂಡಿತ್ತು. ಕೆಲಸ ಮುಗಿಯುವ ಹಂತದಲ್ಲಿದ್ದಾಗ, 1993ರ ಏಪ್ರಿಲ್‌ನಲ್ಲಿ, ಲಾಂಗ್ ಐಲೆಂಡ್‌ನ ಹೆದ್ದಾರಿ ದಾಟುವಾಗ ಕಾರು ಬಡಿದು ಸಬ್‌ರಾಕ್ ಸತ್ತುಹೋದ. ಆಗ ಅವನಿಗೆ 19 ವರ್ಷ.

ಅಣ್ಣ ಒಬ್ಬನೇ ಕೂತು ಆಲ್ಬಮ್ ಮುಗಿಸಿದ. ಆದರೆ ಅದು ಅಂಗಡಿಗೆ ಬರಲಿಲ್ಲ. ಕಪ್ಪುಜನರನ್ನು ಗೇಲಿ ಮಾಡಲು ಅಮೆರಿಕದ ಬಿಳಿಯರು ಬಳಸುತ್ತಿದ್ದ ‘ಸ್ಯಾಂಬೊ’ ಎಂಬ ವ್ಯಂಗ್ಯಚಿತ್ರದ ಗೊಂಬೆಯನ್ನು ನೇಣಿಗೆ ಹಾಕುತ್ತಿರುವ ಚಿತ್ರ ಅದರ ಮುಖಪುಟದಲ್ಲಿತ್ತು. ಆ ಅವಮಾನದ ಗೊಂಬೆಯನ್ನೇ ಕೊಲ್ಲುವುದು ಚಿತ್ರದ ಆಶಯ. ‘ಬಿಲ್‌ಬೋರ್ಡ್’ ಪತ್ರಿಕೆಯ ಅಂಕಣವೊಂದು ಅದನ್ನು ತಿರುವುಮುರುವಾಗಿ ಓದಿ ಟೀಕಿಸಿತು. 1994ರಲ್ಲಿ ಕಂಪನಿ ಬಿಡುಗಡೆಯನ್ನು ನಿಲ್ಲಿಸಿತು, ತಂಡವನ್ನೂ ಕೈಬಿಟ್ಟಿತು. ತಮ್ಮ ಹೋಗಿ ಒಂದೇ ವರ್ಷಕ್ಕೆ ಅವನ ಕೊನೆಯ ಕೆಲಸವೂ ಮಣ್ಣಾಯಿತು.

ಮುಂದಿನ ಮೂರು ವರ್ಷ ಡೂಮಿಲೆ ಯಾರ ಕಣ್ಣಿಗೂ ಬೀಳಲಿಲ್ಲ. ನೆಟ್ಟಗೊಂದು ಸೂರಿಲ್ಲದೆ ನ್ಯೂಯಾರ್ಕ್ ಬೀದಿಗಳಲ್ಲಿ ಅಲೆದ ದಿನಗಳವು.

ನೆಲದಡಿಯ ದಾರಿ

ಕನ್ನಡದಲ್ಲಿ ‘ಭೂಗತ’ ಎಂದೊಡನೆ ಪಾತಕಿಗಳ ಲೋಕ ನೆನಪಾಗುತ್ತದೆ. ಸಂಗೀತದವರು ‘ಅಂಡರ್‌ಗ್ರೌಂಡ್’ ಎನ್ನುವುದು ಬೇರೆಯದನ್ನೇ. ದೊಡ್ಡ ಕಂಪನಿಯ ಹಣ, ಹಗಲಿನ ರೇಡಿಯೊ, ಟಿವಿ ಪ್ರಚಾರ ಇವುಗಳ ಹಂಗಿಲ್ಲದೆ ಬೆಳೆಯುವ ಸಂಗೀತದ ಜಾಲ ಅದು.

1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ವಸತಿ ಕಟ್ಟಡವೊಂದರಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟುದಿನ ಎನ್ನುತ್ತಾರೆ. ಹಳೆಯ ರೆಕಾರ್ಡಿನ ಒಂದು ತುಣುಕನ್ನು ಮತ್ತೆಮತ್ತೆ ನುಡಿಸಿ ಅದರ ಮೇಲೆ ಮಾತು ಹೊಸೆಯುವುದು ಈ ಕಲೆಯ ಬುನಾದಿ. ಆ ತುಣುಕೇ ‘ಸ್ಯಾಂಪಲ್’. 1991ರ ಡಿಸೆಂಬರ್‌ನಲ್ಲಿ ಈ ಬುನಾದಿಗೇ ಪೆಟ್ಟು ಬಿತ್ತು. ಬಿಜ್ ಮಾರ್ಕಿ ಎಂಬ ರ‍್ಯಾಪರ್ ಅನುಮತಿ ಇಲ್ಲದೆ ಗಿಲ್ಬರ್ಟ್ ಓ’ಸಲಿವನ್‌ನ ಹಾಡಿನ ತುಣುಕು ಬಳಸಿದ್ದಕ್ಕೆ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ ಅವನ ವಿರುದ್ಧ ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ಪ್ರತಿ ತುಣುಕಿಗೂ ಅನುಮತಿ ಬೇಕು, ಅನುಮತಿಗೆ ಹಣ ಬೇಕು. ದೊಡ್ಡ ಕಂಪನಿಗಳು ಹಲವು ತುಣುಕುಗಳನ್ನು ಹೊಸೆಯುವ ಬೀಟುಗಳಿಗೆ, ಅಂದರೆ ಮಾತಿನ ಹಿಂದಿನ ಸಂಗೀತಕ್ಕೆ, ಹಿಂಜರಿಯತೊಡಗಿದವು. ಕಡಿಮೆ ಪ್ರತಿ ಒತ್ತಿಸಿ ಕೈಯಿಂದ ಕೈಗೆ ಮಾರುವ ಪುಟ್ಟ ಕಂಪನಿಗಳು ಮಾತ್ರ ಹಳೆಯ ಧೈರ್ಯ ಉಳಿಸಿಕೊಂಡವು.

ಅಂಥದ್ದೊಂದು ಕಂಪನಿ ‘ಫಾಂಡಲ್ ಎಮ್’. ನಡೆಸುತ್ತಿದ್ದವನು ಬಾಬಿಟೊ ಗಾರ್ಸಿಯಾ. ಕೊಲಂಬಿಯಾ ವಿಶ್ವವಿದ್ಯಾಲಯದ ರೇಡಿಯೊದಲ್ಲಿ ಡಿಜೆ ಸ್ಟ್ರೆಚ್ ಆರ್ಮ್‌ಸ್ಟ್ರಾಂಗ್ ಜೊತೆ ನಡುರಾತ್ರಿ ಕಳೆದ ಮೇಲೆ ಆತ ನಡೆಸುತ್ತಿದ್ದ ಕಾರ್ಯಕ್ರಮವನ್ನು ಹುಡುಗರು ಕ್ಯಾಸೆಟ್‌ಗೆ ಇಳಿಸಿಕೊಂಡು ಹಂಚಿಕೊಳ್ಳುತ್ತಿದ್ದರು. ನಾಸ್, ಜೇ-ಝಿ, ವು-ಟಾಂಗ್ ಕ್ಲಾನ್ ಮುಂತಾದವರು ಹೆಸರಾಗುವ ಮುನ್ನ ಹಾಡಿದ ಜಾಗ ಅದು. 1997ರಲ್ಲಿ ಬಾಬಿಟೊ ಡೂಮಿಲೆಯ ‘ಡೆಡ್ ಬೆಂಟ್’ ಹಾಡನ್ನು 12 ಇಂಚಿನ ತಟ್ಟೆಯಾಗಿ ಹೊರತಂದ. ಕೇಳಿದವರು ಇನ್ನೂ ಬೇಕೆಂದರು. ‘ಆಪರೇಷನ್: ಡೂಮ್ಸ್‌ಡೇ’ ಬೆಳೆದದ್ದು ಹೀಗೆ, ಒಂದೊಂದೇ ತಟ್ಟೆಯಾಗಿ.

ಖಳನ ವೇಷ

ಹೊಸ ಹೆಸರು ಬಂದದ್ದು ಮಾರ್ವೆಲ್ ಕಾಮಿಕ್ಸ್‌ನಿಂದ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1962ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಕಥೆಗಳಿಗಾಗಿ ಸೃಷ್ಟಿಸಿದ ಖಳ ಡಾಕ್ಟರ್ ಡೂಮ್. ಗಾಯಗೊಂಡ ಮುಖವನ್ನು ಲೋಹದ ಮುಖವಾಡದಲ್ಲಿ ಮುಚ್ಚಿಕೊಂಡು, ಜಗತ್ತಿನ ಮೇಲೆ ಸೇಡು ಹೊತ್ತವನು. ಡೂಮಿಲೆ ಎಂಬ ಹೆಸರಿನಲ್ಲೂ ‘ಡೂಮ್’ ಇತ್ತು. ಕಂಪನಿಯಿಂದ ಪೆಟ್ಟು ತಿಂದ ಗಾಯಕನಿಗೆ ಪಾತ್ರ ಹೇಳಿಮಾಡಿಸಿದಂತೆ ಕೂಡಿಬಂತು. ‘ಎಂಎಫ್’ ಎಂದರೆ ಮೆಟಲ್ ಫೇಸ್, ಲೋಹದ ಮುಖ. ಬೀಟ್ ಕಟ್ಟುವಾಗ ಅದೇ ಅಕ್ಷರಗಳು ಮೆಟಲ್ ಫಿಂಗರ್ಸ್, ಲೋಹದ ಬೆರಳು. ಕಾಲುಚೀಲದ ಜಾಗಕ್ಕೆ ಮುಂದೆ ನಿಜವಾದ ಮುಖವಾಡವೇ ಬಂತು.

ನೋಟ, ಒಡವೆ, ಥಳಕು ಇವೇ ಮುಂದಾಗಿ ಹಿಪ್‌ಹಾಪ್‌ನಲ್ಲಿ ಮಾತು ಹಿಂದೆ ಬಿದ್ದಿದೆ ಎಂಬುದು ಆತನ ದೂರು. ಮುಖವನ್ನು ಆಚೆ ಇಟ್ಟರೆ ಜನ ಕಿವಿಗೊಟ್ಟು ಕೇಳುತ್ತಾರೆ ಎಂದು ಸಂದರ್ಶನಗಳಲ್ಲಿ ಮತ್ತೆಮತ್ತೆ ವಿವರಿಸುತ್ತಿದ್ದ.

ತುಣುಕುಗಳ ಕಸೂತಿ

ಆಲ್ಬಮ್‌ನಲ್ಲಿ ಒಟ್ಟು 19 ಭಾಗಗಳು. ನಡುನಡುವೆ ಫೆಂಟಾಸ್ಟಿಕ್ ಫೋರ್ ಕಾರ್ಟೂನುಗಳ ಸಂಭಾಷಣೆಗಳನ್ನು ಕತ್ತರಿಸಿ ಜೋಡಿಸಿದ ಪುಟ್ಟ ದೃಶ್ಯಗಳಿವೆ. ಖಳ ಬೆಳೆಯುವ ಕಥೆಯನ್ನು ಅವು ಹೇಳುತ್ತವೆ, ಹಾಡುಗಳು ಆ ಕಥೆಯ ಒಳಗೆ ಕೂರುತ್ತವೆ.

ಬೀಟುಗಳಲ್ಲಿ ಬಹುಪಾಲು ಡೂಮಿಲೆಯವೇ. ಬೇರೆ ರ‍್ಯಾಪರುಗಳು ಗಡಸು ಫಂಕ್ ರೆಕಾರ್ಡುಗಳನ್ನು ಹುಡುಕುತ್ತಿದ್ದಾಗ ಆತ ಹುಡುಕಿದ್ದು ಹೆಚ್ಚಾಗಿ 1980ರ ದಶಕದ ಮೃದುವಾದ ಪ್ರೇಮಗೀತೆಗಳನ್ನು. ‘ರೈಮ್ಸ್ ಲೈಕ್ ಡೈಮ್ಸ್’ ನಿಂತಿರುವುದು ಕ್ವಿನ್ಸಿ ಜೋನ್ಸ್‌ನ ‘ಒನ್ ಹಂಡ್ರೆಡ್ ವೇಸ್’ ಮೇಲೆ. ‘ಗ್ಯಾಸ್ ಡ್ರಾಲ್ಸ್’ಗೆ ಸ್ಟೀಲಿ ಡ್ಯಾನ್ ತಂಡದ ‘ಬ್ಲ್ಯಾಕ್ ಕೌ’, ‘ಹೇ!’ ಹಾಡಿಗೆ ಮಕ್ಕಳ ಕಾರ್ಟೂನ್ ‘ಸ್ಕೂಬಿ ಡೂ’ ಸಂಗೀತ. ಅಕ್ಕನೋ ಅತ್ತಿಗೆಯೋ ಅಡುಗೆಮನೆಯಲ್ಲಿ ಗುನುಗುವಂಥ ರಾಗಗಳ ಮೇಲೆ ಒರಟು ಗಂಟಲಿನ ಈ ಖಳ ಮಾತಾಡುತ್ತಾನೆ. ರೆಕಾರ್ಡಿಂಗ್ ಕೂಡ ನುಣುಪಾಗಿಲ್ಲ, ದನಿ ಕೆಲವೆಡೆ ಮಸುಕು. ಆ ಒರಟುತನ ಹಾಡುಗಳಿಗೆ ಒಬ್ಬನೇ ಕೂತು ಮಾಡಿದ ಕೈಕೆಲಸದ ಬಿಸಿಯನ್ನು ಕೊಟ್ಟಿದೆ.

ಮಾತಿನ ಕಸುಬು ಇನ್ನೂ ಬೆರಗಿನದು. ನಮ್ಮ ಹಳಗನ್ನಡ ಕವಿಗಳು ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹಿಡಿದರು. ರ‍್ಯಾಪ್‌ನಲ್ಲಿ ಪ್ರಾಸ ಸಾಮಾನ್ಯವಾಗಿ ಸಾಲಿನ ತುದಿಯಲ್ಲಿ ಬೀಳುತ್ತದೆ. ಡೂಮ್ ತುದಿಗಷ್ಟೇ ತೃಪ್ತನಾಗುವುದಿಲ್ಲ. ಎರಡು, ಮೂರು, ನಾಲ್ಕು ಉಚ್ಚಾರಗಳ ಗೊಂಚಲನ್ನೇ ಎತ್ತಿ ಸಾಲಿನ ನಡುವೆ, ಮುಂದಿನ ಸಾಲಿನ ಮೊದಲಲ್ಲಿ, ಎಲ್ಲೆಂದರಲ್ಲಿ ಮರಳಿ ಕೇಳಿಸುತ್ತಾನೆ. ತನ್ನನ್ನೇ ‘ಅವನು’ ಎಂದು ಕರೆದುಕೊಳ್ಳುತ್ತಾನೆ, ಕಥೆಯ ಪಾತ್ರವನ್ನು ದೂರದಿಂದ ನೋಡುವವನಂತೆ. ಈಗ ನಗಿಸುತ್ತಿದ್ದವನು ಮರುಸಾಲಿನಲ್ಲೇ ಸಾವಿನ ಮಾತೆತ್ತುತ್ತಾನೆ.

ಆ ಸಾವು ತಮ್ಮನದು. ಶೀರ್ಷಿಕೆ ಗೀತೆ ‘ಡೂಮ್ಸ್‌ಡೇ’ಯ ಪಲ್ಲವಿಯಲ್ಲೇ ತಮ್ಮ ಹೋದ ಜಾಗಕ್ಕೆ ತಾನೂ ಮರಳುವ ದಿನದ ಮಾತಿದೆ. ಸೇಡಿನ ಖಳನೆಂದು ಹೊರಟವನ ಒಳಗೆ ಸೂತಕ ಮುಗಿಯದ ಅಣ್ಣನೊಬ್ಬ ಕೂತಿರುವುದು ಅಲ್ಲಿ ಗೊತ್ತಾಗುತ್ತದೆ. ಈ ಆಲ್ಬಮ್ ಬರಿಯ ಜಾಣತನದ ಪ್ರದರ್ಶನವಾಗದೆ ಉಳಿದದ್ದು ಅದರಿಂದಲೇ.

ನಂತರ

ಫಾಂಡಲ್ ಎಮ್ 2001ರಲ್ಲಿ ಮುಚ್ಚಿತು. ಆಲ್ಬಮ್ ಬೇರೆ ಕಂಪನಿಗಳಿಂದ ಮತ್ತೆಮತ್ತೆ ಅಚ್ಚಾಯಿತು. ಡೂಮ್ ಇನ್ನಷ್ಟು ವೇಷಗಳನ್ನು ತೊಟ್ಟ: 2003ರಲ್ಲಿ ಕಿಂಗ್ ಗೀಡೋರಾ, ಅದೇ ವರ್ಷ ವಿಕ್ಟರ್ ವಾನ್. 2004ರಲ್ಲಿ ಬೀಟ್ ಕಟ್ಟುವ ಮ್ಯಾಡ್‌ಲಿಬ್ ಜೊತೆ ಮಾಡಿದ ‘ಮ್ಯಾಡ್‌ವಿಲನಿ’ ಹಿಪ್‌ಹಾಪ್‌ನ ಶ್ರೇಷ್ಠ ಕೃತಿಗಳ ಸಾಲಿಗೆ ಸೇರಿತು. ಟೈಲರ್ ದ ಕ್ರಿಯೇಟರ್, ಅರ್ಲ್ ಸ್ವೆಟ್‌ಶರ್ಟ್ ಅವರಂಥ ಮುಂದಿನ ಪೀಳಿಗೆಯವರು ಆತನನ್ನು ಗುರುವಿನ ಜಾಗದಲ್ಲಿಟ್ಟರು. ಆದರೆ 2010ರಲ್ಲಿ ವಿದೇಶ ಪ್ರವಾಸ ಮುಗಿಸಿ ಬಂದಾಗ, ಎಳವೆಯಿಂದ ಬೆಳೆದ ಅಮೆರಿಕವೇ ಆತನನ್ನು ಒಳಗೆ ಬಿಡಲಿಲ್ಲ. ಆತನಿಗೆ ಅಲ್ಲಿನ ಪೌರತ್ವ ಇರಲಿಲ್ಲ. ಉಳಿದ ಬದುಕು ಹುಟ್ಟಿದ ಇಂಗ್ಲೆಂಡಿನಲ್ಲಿ ಕಳೆಯಿತು. 2020ರ ಅಕ್ಟೋಬರ್ 31ರಂದು, 49ನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಕುಟುಂಬ ಅದನ್ನು ಜಗತ್ತಿಗೆ ತಿಳಿಸಿದ್ದು ಎರಡು ತಿಂಗಳ ನಂತರ, ಡಿಸೆಂಬರ್ 31ರಂದು.

ಈ ಆಲ್ಬಮ್ ಕೇಳಬೇಕೆನಿಸಿದವರು ಒಂದು ಕೆಲಸ ಮಾಡಬಹುದು. ಮೊದಲು ಗಾಯಕಿ ಶಾಡೇಯ 1992ರ ಹಾಡು ‘ಕಿಸ್ ಆಫ್ ಲೈಫ್’ ಕೇಳಿ. ಕೂಡಲೇ ‘ಡೂಮ್ಸ್‌ಡೇ’ ಹಾಕಿ. ಶಾಡೇಯ ಅದೇ ರಾಗ, ಈಗ ತಮ್ಮನನ್ನು ನೆನೆಯುವ ಅಣ್ಣನ ದನಿಯ ಕೆಳಗೆ ಹರಿಯುವುದು ಕೇಳಿಸುತ್ತದೆ.